ಹಿಂದಿನ ಕೋಣೆಗೆ ಬಾಗಿಲು ಬಂದದ್ದು

ಬಸುರಿಯನ್ನು ನೋಡಲು ಹೋದರೆ ಮನೆಯಲ್ಲಿ ಬಸುರಿಯೇ ಇರಲಿಲ್ಲ.

ಬ್ಯಾಡಗಿಯ ಹತ್ತಿರದ ಒಂದು ಹಳ್ಳಿ, ಮೆಣಸಿನಕಾಯಿ ಹಂಗಾಮು ಆಗತಾನೆ ಶುರುವಾಗಿತ್ತು. ನಾನೂ ನನ್ನ ಜೊತೆಗಾತಿ ಸೂಲಗಿತ್ತಿಯೂ ಭಾರದ ಚೀಲಗಳನ್ನು ಹೆಗಲಿಗೇರಿಸಿಕೊಂಡು, ಸ್ಕೂಟರನ್ನು ಬೇವಿನ ನೆರಳಿಗೆ ನಿಲ್ಲಿಸಿ ಒಳಗೆ ಹೋದೆವು. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ಬಸುರಿಯ ಅತ್ತೆ ನೀರು ಕೊಟ್ಟರು, ಬೆಲ್ಲ ಕೊಟ್ಟರು, ಚಹಾಕ್ಕೆ ಇಟ್ಟರು. ಉಪಚಾರವೆಲ್ಲ ಮುಗಿದು ನಾವು ಬಿ.ಪಿ. ಯಂತ್ರ ಹೊರಗೆ ತೆಗೆದ ಮೇಲೆ ನಿಧಾನಕ್ಕೆ ಹೇಳಿದರು:

“ಆಕಿ ತವರಮನಿಗೆ ಹೋಗ್ಯಾಳಲ್ರಿ ಬಾಯಾರ. ಒಂಬತ್ತರಾಗ ಬಿತ್ತು, ಅವರಪ್ಪ ಬಂದು ಕರಕೊಂಡು ಹೋದ.”

“ತವರಮನಿ ಯಾವೂರ್ರಿ?”

“ಕುಮಾರಪಟ್ಟಣದ ಕಡಿಗೆ, ಹೊಳಿದಂಡಿ ಊರು. ಭಾಳ ಚಲೋ ಊರ್ರಿ. ಬಸ್ಸೊಂದು ಸರಿಯಾಗಿ ಬರಂಗಿಲ್ಲ ನೋಡ್ರಿ.”

ನಾನು ಚಹಾ ಕುಡಿದೆ. ಬೇರೇನು ಮಾಡುವುದಿತ್ತು? ಆ ಮನೆಯ ನೆಲ ನೋಡಿದ್ದೆವು, ನೀರು ನೋಡಿದ್ದೆವು, ಕರೆಂಟು ಹೋದರೆ ಬೆಳಕಿಗೇನು ಎಂದು ಕೇಳಿದ್ದೆವು. ಅಲ್ಲಿಂದ ಆಪರೇಷನ್ ಥಿಯೇಟರ್ ಇರುವ ಆಸ್ಪತ್ರೆಯವರೆಗೆ ಗಾಡಿ ಓಡಿಸಿ ಎಷ್ಟು ಹೊತ್ತು ಹಿಡಿಯುತ್ತದೆ ಎಂದೂ ನೋಡಿದ್ದೆವು. ಮನೆ ಎಲ್ಲ ಪರೀಕ್ಷೆಯಲ್ಲೂ ಪಾಸಾಗಿತ್ತು. ಹಡೆಯಬೇಕಾದವಳು ಮಾತ್ರ ಹೊಳೆಯ ದಂಡೆಯಲ್ಲಿದ್ದಳು.

ಆಗ ನಾನು ರಾಣೆಬೆನ್ನೂರಿನಲ್ಲಿ ಒಂದು ಸಣ್ಣ ಟ್ರಸ್ಟಿನ ಹೆರಿಗೆ ಆಸ್ಪತ್ರೆಯ ಸೂಲಗಿತ್ತಿ ನರ್ಸು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರೂ ಊರಿನ ಸುತ್ತ, ಮನೆಯಲ್ಲೇ ಹೆರಿಗೆ ಮಾಡಿಸುವ ವ್ಯವಸ್ಥೆಯೊಂದನ್ನು ಕಟ್ಟುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹೀಗೆಂದ ಕೂಡಲೇ ಜನ ಹುಬ್ಬೇರಿಸುತ್ತಾರೆ. ಮನೆಯ ಹೆರಿಗೆ ಬಿಡಿಸಲು ಇಷ್ಟು ವರ್ಷ ಒದ್ದಾಡಿ, ಈಗ ನೀವೇ ಮನೆಗೆ ಹೋಗುತ್ತೀರಾ ಎಂದು ಕೇಳುತ್ತಾರೆ. ಬಹಳ ಮಂದಿಗೆ ಆಸ್ಪತ್ರೆಯೇ ಸರಿ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಗಾಡಿ ಬರುವುದರೊಳಗೆ ಹಡೆದು ಮುಗಿಸುವ ಹೆಂಗಸರಿದ್ದಾರೆ. ಏನೇ ಹೇಳಿದರೂ ಹೊಸ್ತಿಲು ದಾಟದವರಿದ್ದಾರೆ. ಅವರ ಹೆರಿಗೆ ಹೇಗೂ ಮನೆಯಲ್ಲೇ ಆಗುತ್ತದೆ. ಆ ಹೊತ್ತಿಗೆ ಪಕ್ಕದಲ್ಲಿ ಯಾರಿರಬೇಕು, ಅವರ ಚೀಲದಲ್ಲಿ ಏನಿರಬೇಕು ಎಂಬುದಷ್ಟೇ ನಮ್ಮ ಪ್ರಶ್ನೆಯಾಗಿತ್ತು.

ನಮ್ಮ ಡಾಕ್ಟರು ಕಡ್ಡಿ ಮುರಿದ ಹಾಗೆ ಮಾತಾಡುವ ಹೆಣ್ಣುಮಗಳು. ಒಪ್ಪಿಗೆಯ ಜೊತೆ ಅವರು ಕಟ್ಟಳೆಗಳನ್ನೂ ಹಾಕಿದರು. ಚೊಚ್ಚಿಲ ಬಸುರಿಯರು ಬೇಡ. ಮೊದಲ ಹೆರಿಗೆ ಸಲೀಸಾಗಿ ಆಗಿರಬೇಕು, ಮೈಯಲ್ಲಿ ರಕ್ತ ಇರಬೇಕು, ಕೂಸಿನ ತಲೆ ಕೆಳಗೆ ಇರಬೇಕು. ಪ್ರತಿ ಹೆರಿಗೆಗೂ ತರಬೇತಿಯಾದ ಸೂಲಗಿತ್ತಿಯರು ಇಬ್ಬರು ಇರಬೇಕು, ಒಬ್ಬಳು ತಾಯಿಗೆ, ಒಬ್ಬಳು ಕೂಸಿಗೆ. ಆಸ್ಪತ್ರೆಯ ಗಾಡಿ ಬೀದಿಯ ತುದಿಯಲ್ಲಿ ನಿಂತಿರಬೇಕು, ಆಪರೇಷನ್ ಥಿಯೇಟರ್ ಅರ್ಧ ತಾಸಿನೊಳಗೆ ಸಿಗಬೇಕು. ಇದರಲ್ಲಿ ಒಂದು ಇಲ್ಲದಿದ್ದರೂ ಆ ಹೆಂಗಸು ಆಸ್ಪತ್ರೆಗೆ. ನಾನು ಎಲ್ಲಕ್ಕೂ ಹೂಂ ಅಂದೆ. ಆ ಕಟ್ಟಳೆಗಳು ಈಗಲೂ ಸರಿ ಎಂದೇ ನನ್ನ ಅಭಿಪ್ರಾಯ.

ಸಾಮಾನು ಹೊಂದಿಸುವುದೇ ಒಂದು ಕತೆಯಾಯಿತು. ಹೆರಿಗೆಯಾದ ಮೇಲೆ ರಕ್ತ ನಿಲ್ಲಿಸುವ ಇಂಜೆಕ್ಷನ್ ತಂಪಿನಲ್ಲೇ ಇರಬೇಕು. ಬ್ಯಾಡಗಿಯಲ್ಲಿ ಮೆಣಸಿನಕಾಯಿಗೆ ಸಾಲು ಸಾಲು ಕೋಲ್ಡ್ ಸ್ಟೋರೇಜುಗಳಿವೆ. ಅದರಲ್ಲೊಂದರ ಮಾಲೀಕರು ದೊಡ್ಡ ಮನಸ್ಸು ಮಾಡಿ, ನಿಮ್ಮ ಔಷಧಿ ನಮ್ಮಲ್ಲೇ ಇಡಿರಿ, ಪುಕ್ಕಟೆ ಅಂದರು. ಆ ಘಾಟಿನೊಳಗಿಂದ ಹೊರಬಂದ ಇಂಜೆಕ್ಷನ್ ಚುಚ್ಚಿಸಿಕೊಂಡವಳು ಸೀನುತ್ತಲೇ ಹಡೆದಾಳು ಎಂದು ಜೊತೆಗಾತಿ ಗೊಣಗಿದಳು. ನಾವು ಕೈ ಮುಗಿದು, ಲಸಿಕೆ ಒಯ್ಯುವ ಐಸಿನ ಡಬ್ಬಿಯನ್ನೇ ನೆಚ್ಚಿಕೊಂಡೆವು. ಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಕೈ ಬರಿಯ ಸಾಬೂನಿಗೆ ಬಗ್ಗುವುದಿಲ್ಲ, ಮೊದಲು ಎಣ್ಣೆ ತಿಕ್ಕಿ ಆಮೇಲೆ ಸಾಬೂನು ಹಾಕಬೇಕು, ಇಲ್ಲದಿದ್ದರೆ ಕೂಸಿನ ಮೈ ಉರಿದುಹೋಗುತ್ತದೆ. ಅದಕ್ಕೇ ನಮ್ಮ ಚೀಲದಲ್ಲಿ ಒಂದು ಬಾಟಲಿ ಕೊಬ್ಬರಿ ಎಣ್ಣೆಯೂ ಸೇರಿತು.

ಇಷ್ಟೆಲ್ಲ ಯೋಚಿಸಿದವರಿಗೆ ಬಸುರಿ ಒಂಬತ್ತರಲ್ಲಿ ತವರಿಗೆ ಹೋಗುತ್ತಾಳೆ ಎಂಬುದು ಹೊಳೆಯಲಿಲ್ಲ. ನಮ್ಮ ಕಡೆ ಎಂಟರಲ್ಲಿ ಹೆಣ್ಣುಮಕ್ಕಳನ್ನು ಕರೆದೊಯ್ಯುವುದಿಲ್ಲ, ಏಳು ಇಲ್ಲವೇ ಒಂಬತ್ತು. ಏಳರಲ್ಲಿ ಕೆಲಸ ಬಿಟ್ಟು ಕಳಿಸಲು ಅತ್ತೆಯರಿಗೆ ಮನಸ್ಸಾಗುವುದಿಲ್ಲ, ಹಾಗಾಗಿ ಒಂಬತ್ತೇ ಗಟ್ಟಿ. ನಾವು ಮನೆಗೆ ಹೋಗಿ ಕೊನೆಯ ಪರೀಕ್ಷೆ ಮಾಡಿ, ಇಲ್ಲೇ ಹೆರಿಗೆ ಎಂದು ಮುದ್ರೆ ಒತ್ತಬೇಕಾದ ಭೇಟಿಯನ್ನು ಇಟ್ಟುಕೊಂಡದ್ದು ಸರಿಯಾಗಿ ಆ ತಿಂಗಳಲ್ಲೇ! ನಾನೇನು ಹೊರಗಿನವಳಲ್ಲ. ನನ್ನ ಎರಡೂ ಮಕ್ಕಳಿಗೆ ನಾನೂ ಒಂಬತ್ತರಲ್ಲೇ ತವರಿಗೆ ಹೋದವಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ಹಾಗಾಯಿತು ನಮ್ಮ ಗತಿ.

ಹೊಳೆದಂಡೆಯ ಹೆಂಗಸು ಮುಂದೆ ಆಸ್ಪತ್ರೆಯಲ್ಲೇ ಸುಖವಾಗಿ ಹಡೆದಳು. ಆದರೆ ಅವಳ ಹಿಂದೆಯೇ ಇನ್ನಿಬ್ಬರು ಹಾಗೆಯೇ ನಮ್ಮ ಕೈತಪ್ಪಿ ತವರು ಸೇರಿದರು. ಡಾಕ್ಟರು ನನ್ನನ್ನು ಕರೆದು ಕೂರಿಸಿದರು.

“ಸಿಸ್ಟರ್, ಎಲ್ಲಿ ಹಡಿತಾಳ ಅನ್ನೋದ ಗೊತ್ತಿಲ್ಲ. ಮತ್ತ ಇದನ್ನ ಯೋಜನಾ ಅಂತ ಹೆಂಗ ಅನ್ನೂಣು?”

“ಗೊತ್ತು ಮಾಡ್ಕೊಂತೇನ್ರಿ ಮೇಡಂ.”

“ಈ ಹಂಗಾಮು ಮುಗಿಯೂ ತನಕ ನೋಡ್ತೇನಿ. ಒಂದ ಒಂದು ಕೇಸು ಕೆಟ್ಟರ ಸಾಕು, ಅವತ್ತ ಬಂದ್.”

ಅವರು ಸಿಟ್ಟಿನಿಂದ ಹೇಳಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಹೇಳುತ್ತಿದ್ದೆ.

ಆ ವಾರವೇ ಬ್ಯಾಡಗಿಯ ಸೊಸೆಯೊಬ್ಬಳು ತಾನಾಗಿ ನಮ್ಮಲ್ಲಿಗೆ ಬಂದಳು. ಗಂಡನ ಮನೆಯವರದು ಮೆಣಸಿನಕಾಯಿ ಪ್ಯಾಟಿಯ ಹಿಂದಿನ ಓಣಿಯಲ್ಲಿ ಕಿರಾಣಿ ಅಂಗಡಿ, ಜೊತೆಗೆ ಒಂದಿಷ್ಟು ಹೊಲ. ತವರು ಹಾವೇರಿ ಹತ್ತಿರದ ಅಗಡಿ. ಮೂರು ವರ್ಷದ ಮಗಳಿದ್ದಳು, ಈಗ ಎರಡನೆಯ ಬಸುರು. ಪರೀಕ್ಷೆಗೆ ಮಲಗಿಸಿದರೆ ಬಾಗಿಲ ಕಡೆಯೇ ನೋಡುತ್ತಿದ್ದಳು. ನಾನು ಎದ್ದು ಬಾಗಿಲು ಹಾಕಿ ಬಂದ ಮೇಲೆ ಮೈ ಸಡಿಲಬಿಟ್ಟಳು. ಆಮೇಲೆ ಹೇಳಿದಳು.

ಮೊದಲ ಸಲ ಅಗಡಿಯಲ್ಲಿ ನೋವು ಬಂದ ಕೂಡಲೇ ನೆರೆಯವರ ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಹಾವೇರಿಗೆ ಹೊರಟಿದ್ದರು. ಅರ್ಧ ದಾರಿಯಲ್ಲೇ ಕೂಸು ಬಂತು. ಟಂಟಂಗೆ ಬಾಗಿಲೆಲ್ಲಿ? ಎರಡೂ ಬದಿ ಬಯಲು. ಹೊಲಕ್ಕೆ ಹೋಗುವವರು, ಬೈಕಿನವರು, ಕಬ್ಬಿನ ಟ್ರ್ಯಾಕ್ಟರಿನವರು ಎಲ್ಲ ನಿಂತರು. ಪುಣ್ಯಾತ್ಮಳೊಬ್ಬಳು ಸೀರೆಯ ಮರೆ ಹಿಡಿದಳಂತೆ. ಸೀರೆ ಒಂದು, ಬದಿ ಎರಡು. ತಾಯಿ ಕೂಸು ಇಬ್ಬರಿಗೂ ಏನೂ ಆಗಲಿಲ್ಲ. ಆದರೆ ಅಗಡಿಯಲ್ಲೂ ಬ್ಯಾಡಗಿಯಲ್ಲೂ ಅವಳಿಗೆ ‘ಟಂಟಂದಾಗ ಹಡದಾಕಿ’ ಎಂಬ ಹೆಸರು ನಿಂತುಹೋಯಿತು. ಯಾರೂ ಕೆಟ್ಟ ಮನಸ್ಸಿನಿಂದ ಅನ್ನುತ್ತಿರಲಿಲ್ಲ, ನಗುತ್ತಲೇ ಅನ್ನುತ್ತಿದ್ದರು.

“ನೋವು ತಿನ್ನೋದೇನು ದೊಡ್ಡದಲ್ರಿ ಬಾಯಾರ, ಎಲ್ಲಾರೂ ತಿಂತಾರ,” ಅಂದಳು. “ಅಷ್ಟು ಮಂದಿ ನೋಡಿದ್ರಲ್ಲ, ಅದ ಹೋಗವಲ್ದು. ಈ ಸಲ ಗಾಡ್ಯಾಗ ಹಡಿಯಂಗಿಲ್ಲ. ಸತ್ರೂ ಅಷ್ಟ.”

ಸಾಯುವ ಮಾತು ಬೇಡ ಎಂದು ಬೈದೆ. ಮೊದಲನೆಯದು ಅಷ್ಟು ಲಗೂ ಬಂದಿದ್ದರೆ ಎರಡನೆಯದು ಅದಕ್ಕಿಂತ ಲಗೂ ಬರುತ್ತದೆ. ನೋವು ಶುರುವಾದ ಮೇಲೆ ಇವಳನ್ನು ಗಾಡಿಗೆ ಹತ್ತಿಸಿದರೆ ಮತ್ತೆ ರಸ್ತೆಯೇ ಗತಿ. ಒಂಬತ್ತರಲ್ಲೇ ಬಂದು ಆಸ್ಪತ್ರೆಯಲ್ಲಿ ಉಳಿದುಬಿಡು ಎಂದೂ ಹೇಳಿ ನೋಡಿದೆ. ಸಣ್ಣ ಮಗಳನ್ನು ಬಿಟ್ಟು ಅವಳು ಇರಲಾರಳು, ಇರಿಸಲು ಮನೆಯವರೂ ಒಪ್ಪಲಿಲ್ಲ. ರಕ್ತ, ಬಿ.ಪಿ., ಕೂಸಿನ ತಲೆ ಎಲ್ಲ ಸರಿಯಾಗಿತ್ತು. ನಮ್ಮ ಕೆಲಸ ಇರುವುದು ಇಂಥವಳಿಗಾಗಿಯೇ ಎಂದು ಡಾಕ್ಟರೂ ಒಪ್ಪಿದರು.

ಉಳಿದದ್ದು ಒಂದೇ ಪ್ರಶ್ನೆ, ಎಲ್ಲಿ? ಬ್ಯಾಡಗಿಯ ಅತ್ತೆ, ಮೊದಲನೆಯದು ತವರಿನ ಪಾಳಿ, ಎರಡನೆಯದು ನಮ್ಮ ಪಾಳಿ ಅನ್ನುತ್ತಿದ್ದರು. ಅಗಡಿಯ ತಾಯಿಯನ್ನು ಫೋನಿನಲ್ಲಿ ಕೇಳಿದರೆ, ಒಂಬತ್ತರಲ್ಲಿ ಕರೆದುಕೊಂಡು ಬರುವುದೇ, ಅದರಲ್ಲಿ ಕೇಳುವುದೇನಿದೆ ಅನ್ನುತ್ತಿದ್ದರು. ಇಬ್ಬರೂ ಪರಸ್ಪರ ಮಾತಾಡುತ್ತಿರಲಿಲ್ಲ, ನನ್ನ ಮೂಲಕವೇ ಕೇಳಿಸುತ್ತಿದ್ದರು. ಸೊಸೆಯನ್ನು ಒಬ್ಬರೂ ಕೇಳಿರಲಿಲ್ಲ.

ದಾರಿ ತೋರಿಸಿದ್ದು ಆ ಅತ್ತೆಯೇ. ಒಂದು ದಿನ ಫೋನ್ ಮಾಡಿ, “ಬಾಯಾರ, ನಾಳಿ ನೀವು ಬರಬ್ಯಾಡ್ರಿ. ಬೀಗರು ಬಯಕಿ ಬುತ್ತಿ ತರಾಕತ್ತಾರ, ಮನ್ಯಾಗ ಹೆಣ್ಮಕ್ಕಳು ಭಾಳ ಇರ್ತಾರ,” ಅಂದರು. ಕುಬಸ, ಅಂದರೆ ಸೀಮಂತ, ಮಾಡುವುದು ಚೊಚ್ಚಿಲಿಗೆ. ಬುತ್ತಿ ಹಾಗಲ್ಲ, ಬಸುರಿಯ ಬಾಯಿ ಚಪಲಕ್ಕೆ ತವರಿನವರು ಎಷ್ಟನೆಯ ಬಸುರಾದರೂ ಕಟ್ಟಿಕೊಂಡು ಬರುತ್ತಾರೆ. ಎರಡೂ ಮನೆಯ ಹೆಂಗಸರು ಒಂದೇ ಪಡಸಾಲೆಯಲ್ಲಿ, ಬಸುರಿ ನಡುವೆ. ಗಂಡಸರು ಊಟಕ್ಕೆ ಮುಖ ತೋರಿಸಿ ಅಂಗಡಿಗೆ ಹೋಗುತ್ತಾರೆ. ಇದಕ್ಕಿಂತ ಒಳ್ಳೆಯ ಸಭೆ ನನಗೆ ಎಲ್ಲಿ ಸಿಗಬೇಕು? ಬರಬೇಡಿ ಅಂದ ದಿನವೇ ಹೋಗಬೇಕು ಎಂದು ಫೋನಿಡುವಾಗಲೇ ತೀರ್ಮಾನಿಸಿದೆ.

ಮರುದಿನ ಹೋದಾಗ ಪಡಸಾಲೆಯ ತುಂಬ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಮೊಸರು ಬುತ್ತಿ, ಹೋಳಿಗೆ ಹರವಿತ್ತು. ಅತ್ತೆ ನನ್ನನ್ನು ನೋಡಿ ಮುಖ ಗಂಟು ಹಾಕಿಕೊಂಡರೂ ತಟ್ಟೆ ಹಾಕಿದರು. ಊಟ ಮುಗಿಯುವ ತನಕ ನಾನು ಕೆಲಸದ ಮಾತು ಎತ್ತಲಿಲ್ಲ. ಹಸಿದ ಹೊಟ್ಟೆಯಲ್ಲಿ ಯಾರೂ ಸೋಲುವುದಿಲ್ಲ. ಎಲೆ ಅಡಿಕೆ ಬಂದ ಮೇಲೆ, ಹೆರಿಗೆ ಎಲ್ಲಿ ಎಂದು ಕೇಳಿದೆ.

“ಎಲ್ಲಿ ಅಂದ್ರ? ನಮ್ಮನ್ಯಾಗ,” ಅಂದರು ಅಗಡಿಯ ತಾಯಿ.

“ಹೌದ್ಹೌದು,” ಅಂದರು ಅತ್ತೆ, ಸುಣ್ಣ ಹಚ್ಚುತ್ತ. “ಹೋದ ಸಲ ನಿಮ್ಮನ್ಯಾಗ ಹಡದದ್ದು ಊರೆಲ್ಲಾ ನೋಡೇತಲ್ರಿ ಬೀಗತಿಯಾರ.”

ಅಗಡಿಯ ತಾಯಿಯ ಕಣ್ಣು ತುಂಬಿತು. ಆ ಮಾತು ತಾಯಿಗಿಂತ ಹೆಚ್ಚು ತಾಗಿದ್ದು ನಡುವೆ ಕುಳಿತವಳಿಗೆ. ನನಗೆ ಕೋಪ ಬಂತು, ಬಂದದ್ದನ್ನು ಮುಚ್ಚಿಡಲಿಲ್ಲ.

“ಅಕ್ಕಾರ, ನೀವಿಬ್ಬರೂ ಮಾತಾಡಿದ್ದು ಸಾಕು. ತಂಗಿ, ಹಡಿಯಾಕಿ ನೀನು. ನೀ ಹೇಳು. ಎಲ್ಲಿ ಬೇಕು?”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಅಂದಳು, “ಎಲ್ಲಿ ಆದ್ರೂ ಅಡ್ಡಿಯಿಲ್ರಿ. ಬಾಗಲಾ ಹಾಕ್ಕೊಳ್ಳಾಕ ಬರೂ ಖೋಲಿ ಇರಬೇಕು. ಒಳಗ ಚಿಲಕ ಇರಬೇಕು.”

ನಾನು ಎದ್ದು ಮನೆಯ ಹಿಂದಿನ ಕೋಣೆ ನೋಡಿದೆ. ಹೆರಿಗೆಗೆ ಅತ್ತೆ ಗೊತ್ತು ಮಾಡಿದ್ದು ಅದನ್ನೇ. ರೇಟು ಬರಲಿ ಎಂದು ಇಟ್ಟ ಮೆಣಸಿನಕಾಯಿ ಚೀಲಗಳು ಗೋಡೆಯುದ್ದಕ್ಕೂ, ಕಾಲಿಟ್ಟರೆ ಕೆಮ್ಮು. ಚೀಲ ಹೊರಲು ಅಡ್ಡವಾಗುತ್ತದೆಂದು ಬಾಗಿಲನ್ನು ಎಂದೋ ಕಿತ್ತು ಹಿತ್ತಿಲಲ್ಲಿ ಒರಗಿಸಿದ್ದರು. ಅಗಡಿಯ ಮನೆಯಲ್ಲಿ ಏನಿದೆ ಎಂದು ಕೇಳಿದರೆ, ಬಾಗಿಲಿದೆ, ಚಿಲಕ ಹೊರಗೆ ಮಾತ್ರ ಅಂದರು ತಾಯಿ.

ಅಲ್ಲೇ, ಆ ಕಿತ್ತ ಬಾಗಿಲಿನ ಚೌಕಟ್ಟಿನಲ್ಲಿ ನಿಂತು, ನಾನು ಇಡೀ ಯೋಜನೆಯನ್ನು ತಿರುಗಿಸಿ ಹಾಕಿದೆ. ಅಷ್ಟು ದಿನ ನಾವು ಮನೆಯನ್ನು ಗೊತ್ತು ಮಾಡಿ, ಆ ಮನೆಗೆ ಹತ್ತಿರದ ಸೂಲಗಿತ್ತಿಯನ್ನು ನೇಮಿಸುತ್ತಿದ್ದೆವು. ಇನ್ನು ಮೇಲೆ ಸೂಲಗಿತ್ತಿಯರು ಮನೆಗಲ್ಲ, ಹೆಂಗಸಿಗೆ. ಅವಳು ಎಲ್ಲಿ ಹೋದರೂ ಅದೇ ಜೋಡಿ. ಅತ್ತೆಮನೆ, ತವರುಮನೆ ಎರಡನ್ನೂ ಪರೀಕ್ಷಿಸುವುದು, ಎರಡೂ ರಸ್ತೆ ಓಡಿಸಿ ನೋಡುವುದು, ಎರಡೂ ಕೋಣೆ ಸಿದ್ಧಮಾಡಿಸುವುದು. ಇದನ್ನೆಲ್ಲ ಒಂಬತ್ತಕ್ಕೆ ಕಾಯದೆ, ಬುತ್ತಿ ತಂದ ದಿನವೇ, ಎರಡೂ ಕಡೆಯವರ ಎದುರಿಗೇ ಗೊತ್ತುಮಾಡುವುದು. ಈಗಲೂ ನಮ್ಮಲ್ಲಿ ಹೀಗೇ ನಡೆಯುತ್ತಿದೆ. ಹೊಸದಾಗಿ ಸೇರಿದ ಸೂಲಗಿತ್ತಿಯರಿಗೆ, ಮೊದಲು ಬುತ್ತಿಯ ಊಟ ಮಾಡಲು ಕಲಿಯಿರಿ ಎಂದು ನಾನು ಹೇಳುತ್ತೇನೆ.

“ಕೆಲಸ ಎರಡು ಪಟ್ಟು ಆಕ್ಕೈತಿ,” ಅಂದರು ಡಾಕ್ಟರು.

“ಆಗ್ಲಿರಿ. ಅರ್ಧಾ ಕೆಲಸಾ ಬೀಗತಿಯರ ಮಾಡ್ತಾರ,” ಅಂದೆ.

ಆ ಮಾತು ನಿಜವೇ ಆಯಿತು. ಅಗಡಿಗೆ ಹೋದಾಗ, ಬ್ಯಾಡಗಿಯವರು ಚೀಲ ತೆಗೆಸುತ್ತಿದ್ದಾರೆ ಎಂದೆ. ಮರುದಿನವೇ ಅಗಡಿಯಲ್ಲಿ ಒಳಚಿಲಕ ಬಿತ್ತು, ಗೋಡೆಗೆ ಸುಣ್ಣವೂ ಆಯಿತು. ಬ್ಯಾಡಗಿಗೆ ಬಂದು, ಅಗಡಿಯಲ್ಲಿ ಸುಣ್ಣ ಬಳಿದಿದ್ದಾರೆ ಅಂದೆ. ಮುಂದಿನ ಭೇಟಿಗೆ ಹೋದರೆ ಚೀಲಗಳೆಲ್ಲ ಮಾಯ, ನೆಲ ತೊಳೆದು ತೊಳೆದು ಹೊಳೆಯುತ್ತಿತ್ತು, ಬಾಗಿಲು ಮತ್ತೆ ಚೌಕಟ್ಟಿಗೆ ಏರಿತ್ತು. ಚೌಕಟ್ಟಿನ ಮೇಲ್ಭಾಗಕ್ಕೆ ಗೆದ್ದಲು ಹತ್ತಿದ್ದರಿಂದ ಬಡಿಗ ಚಿಲಕವನ್ನು ಮೊಣಕಾಲೆತ್ತರಕ್ಕೆ ಜಡಿದಿದ್ದ. “ಬಗ್ಗಿ ಹಾಕಬೇಕಾಕ್ಕೈತಿ,” ಎಂದು ಅತ್ತೆ ಸಂಕೋಚಪಟ್ಟರು. “ಇರ್ಲಿರಿ, ನಾವೇನು ಬಗ್ಗಲಾರದವ್ರಲ್ಲ,” ಅಂದೆ. ಬೀಗತಿಯರ ಹುರುಡನ್ನು ನಾನು ಬಳಸಿಕೊಂಡೆ ಎಂದು ಯಾರಾದರೂ ಅಂದರೆ ಒಪ್ಪುತ್ತೇನೆ. ಊರಿನಲ್ಲಿ ಹರಿಯುವ ನೀರನ್ನು ಹೊಲಕ್ಕೆ ತಿರುಗಿಸಿದರೆ ತಪ್ಪೇನು?

ಅಮಾವಾಸ್ಯೆ ಕಳೆದ ಮೇಲೆ ಅಗಡಿಗೆ ಹೋಗುವುದೆಂದು ನಿಶ್ಚಯವಾಯಿತು. ಅಲ್ಲಿಂದ ಹಾವೇರಿಯ ಆಪರೇಷನ್ ಥಿಯೇಟರ್ ಹತ್ತಿರ, ರಸ್ತೆಯೂ ಚೆನ್ನ. ಬ್ಯಾಡಗಿಯ ರಸ್ತೆ ಬಿಡುವಿನ ದಿನ ನಮ್ಮ ಅರ್ಧ ತಾಸಿನ ಲೆಕ್ಕಕ್ಕೆ ಹೇಗೋ ಹೊಂದುತ್ತಿತ್ತು. ಪ್ಯಾಟಿಯ ದಿನ ಲಾರಿಗಳು ಬಾಲಕ್ಕೆ ಬಾಲ ಹಚ್ಚಿ ನಿಂತರೆ ಯಾವ ಲೆಕ್ಕವೂ ಹೊಂದುತ್ತಿರಲಿಲ್ಲ. ಹಾಗಾಗಿ ಬ್ಯಾಡಗಿಯ ಕೋಣೆ ಬರಿಯ ಮುಂಜಾಗ್ರತೆಗೆ ಎಂದು ನಾವೆಲ್ಲ ತಿಳಿದಿದ್ದೆವು. ಕೂಸಿಗೆ ಅದನ್ನು ಯಾರೂ ತಿಳಿಸಿರಲಿಲ್ಲ.

ಅಮಾವಾಸ್ಯೆಗೆ ಮೊದಲೇ, ಸರಿಯಾಗಿ ಪ್ಯಾಟಿಯ ದಿನ, ಮುಂಜಾನೆಯ ಚಹಾದ ಹೊತ್ತಿಗೆ ಗಂಡ ಫೋನ್ ಮಾಡಿದ. “ಸಿಸ್ಟರ್, ಲಗೂ ಬರ್ರಿ. ಆಕಿ ಬಾಗಲಾ ಹಾಕ್ಕೊಂಡು ಕುಂತಾಳ, ಗಾಡಿ ಹತ್ತಂಗಿಲ್ಲ ಅಂತಾಳ.”

ತಿಂಗಳು ತುಂಬಿತ್ತು, ಆ ಹೆದರಿಕೆ ಇರಲಿಲ್ಲ. ಆ ವಾರ ನಾನು ಬ್ಯಾಡಗಿಯಲ್ಲೇ ಇದ್ದೆ, ಅದೂ ಯೋಜನೆಯ ಭಾಗವೇ. ಜೊತೆಗಾತಿ ಹಾವೇರಿಯಿಂದ ಕಾರಿನಲ್ಲಿ ಹೊರಟಳು. ಬ್ಯಾಡಗಿಯಲ್ಲೇ ನಿಲ್ಲಿಸಿದ್ದ ನಮ್ಮ ಗಾಡಿಯೂ ಹೊರಟಿತು. ನಾನು ಸ್ಕೂಟರಿನಲ್ಲಿ ಓಣಿ ಓಣಿ ನುಗ್ಗಿ ಮನೆ ತಲುಪಿ, ಬಾಗಿಲು ಬಡಿದು ಹೆಸರು ಹೇಳಿದೆ. ಚಿಲಕ ತೆಗೆದ ಸದ್ದಾಯಿತು. ಅವಳು ನೆಲದ ಮೇಲೆ ಮಂಚದ ಕಾಲು ಹಿಡಿದು ಕುಕ್ಕರಗಾಲಲ್ಲಿ ಕುಳಿತಿದ್ದಳು.

ಪರೀಕ್ಷಿಸಿದೆ. ಗರ್ಭಕೋಶದ ಬಾಯಿ ಪೂರ್ತಿ ತೆರೆದಿತ್ತು. ಕೂಸಿನ ಎದೆಬಡಿತ ಚೆನ್ನಾಗಿತ್ತು. ಅಷ್ಟರಲ್ಲಿ ಜೊತೆಗಾತಿಯ ಫೋನ್, ಪ್ಯಾಟಿಯ ಹತ್ತಿರ ಲಾರಿಗಳ ನಡುವೆ ಸಿಕ್ಕಿಬಿದ್ದಿದ್ದೇನೆ ಎಂದು. ಗಾಡಿ ಮಾತ್ರ ಓಣಿಯ ತುದಿಗೆ ಬಂದು ನಿಂತಿತ್ತು.

ಕಟ್ಟಳೆ ನನಗೆ ಬಾಯಿಪಾಠ. ಇಬ್ಬರು ಇಲ್ಲದಿದ್ದರೆ ಆಸ್ಪತ್ರೆ. ಆ ಕಟ್ಟಳೆಗೆ ಹೂಂ ಅಂದವಳು ನಾನೇ. ಆದರೆ ಅವಳನ್ನು ಎಬ್ಬಿಸಿ, ಓಣಿಯುದ್ದ ನಡೆಸಿ, ಗಾಡಿ ಹತ್ತಿಸಿದರೆ, ಜೊತೆಗಾತಿ ಸಿಕ್ಕಿಬಿದ್ದ ಲಾರಿಗಳ ನಡುವೆಯೇ, ಹಮಾಲರ ಎದುರು ಇವಳು ಹಡೆಯುವುದು ಖಾತ್ರಿ. ಅಲ್ಲಿ ನನಗೆ ಕೈಯಾಡಿಸಲು ಜಾಗವೂ ಇರುವುದಿಲ್ಲ. ಇಲ್ಲಿ ನೀರಿದೆ, ಬೆಳಕಿದೆ, ಇಂಜೆಕ್ಷನ್ ಇದೆ. ಡಾಕ್ಟರಿಗೆ ಫೋನ್ ಹಚ್ಚಿದೆ.

“ತಲಿ ಎಲ್ಲಿ ಐತಿ?”

“ಕಾಣಾಕತ್ತೈತ್ರಿ.”

“ಮತ್ತ ನನ್ನ ಯಾಕ ಕೇಳ್ತಿ? ಫೋನ್ ಸ್ಪೀಕರಿಗೆ ಹಾಕಿ ಬಾಜೂಕ ಇಡು. ಕಟ್ ಮಾಡಬ್ಯಾಡ.”

“ಇಲ್ಲೇ ಮಾಡಸ್ತೇನ್ರಿ,” ಅಂದೆ. ಫೋನನ್ನು ಮಂಚದ ಮೇಲಿಟ್ಟು ಕೈಗವಸು ಏರಿಸಿದೆ.

ಅತ್ತೆಯನ್ನು ಒಳಗೆ ಕರೆದೆ. ಬುತ್ತಿಯ ದಿನದಿಂದ ಅವರಿಗೆ ಹೇಳಿಕೊಟ್ಟದ್ದನ್ನೆಲ್ಲ ಅವರು ಮರೆತಿರಲಿಲ್ಲ. ಎಣ್ಣೆ ತಿಕ್ಕಿ, ಸಾಬೂನು ಹಚ್ಚಿ, ಮೊಣಕೈವರೆಗೆ ತೊಳೆದು, ಒಣ ಬಟ್ಟೆಗಳನ್ನು ಬಿಸಿ ಮಾಡಿ ತಂದು, ಬಾಗಿ ಚಿಲಕ ಹಾಕಿದರು. ಸೊಸೆ ಅವರ ತೋಳು ಹಿಡಿದಳು, ಅವರು ಬಿಡಿಸಿಕೊಳ್ಳಲಿಲ್ಲ. “ಇಲ್ಲೇ ಅದೇನವಾ,” ಅಂದದ್ದಷ್ಟೇ ಕೇಳಿಸಿತು.

ಎರಡು ನೋವಿಗೆ ಕೂಸು ಬಂತು. ಗಂಡು. ಒರೆಸಿದ ಕೂಡಲೇ ಅತ್ತು, ತಾಯಿಯ ಎದೆಯ ಮೇಲೆ ಮಲಗಿತು. ಇಂಜೆಕ್ಷನ್ ಕೊಟ್ಟೆ, ಕಸ, ಅಂದರೆ ಮಾಸು, ಪೂರ್ತಿಯಾಗಿ ಬಿತ್ತು, ಬಿಡಿಸಿ ನೋಡಿ ಖಾತ್ರಿ ಮಾಡಿಕೊಂಡೆ. ಇಷ್ಟಕ್ಕೇ ಮುಗಿಯಿತು ಅನ್ನುವಾಗ ರಕ್ತ ಹರಿಯತೊಡಗಿತು. ಲಗೂ ಹಡೆಯುವವರಲ್ಲಿ ಇದು ಹೊಸದಲ್ಲ, ಗರ್ಭಕೋಶ ದಣಿದು ಮೆತ್ತಗಾಗುತ್ತದೆ. ಹೊಟ್ಟೆಯ ಮೇಲೆ ಕೈಯಿಟ್ಟರೆ ನಾದಿದ ಕಣಕದ ಹಾಗಿತ್ತು.

“ರಕ್ತ ಜಾಸ್ತಿ ಐತ್ರಿ,” ಎಂದೆ ಫೋನಿನ ಕಡೆಗೆ.

“ತಿಕ್ಕು. ಉಚ್ಚಿಚೀಲ ತುಂಬೈತೇನು ನೋಡು. ಎರಡನೇ ಔಷಧಿ ಕೊಡು. ನಾ ಇಲ್ಲಿ ಥಿಯೇಟರ್ ತಯಾರಿಡ್ತೇನಿ.”

ಮೂತ್ರ ತೆಗೆದೆ, ಸಲೈನ್ ಹಚ್ಚಿದೆ, ಬಾಟಲಿಯನ್ನು ಅತ್ತೆ ಕೈಯೆತ್ತಿ ಹಿಡಿದು ನಿಂತರು. ಔಷಧಿ ಕೊಟ್ಟು ತಿಕ್ಕಿದೆ, ತಿಕ್ಕುತ್ತಲೇ ಇದ್ದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. “ಗಾಡಿಗೆ ಒಯ್ಯಬೇಕೇನ್ರಿ?” ಎಂದು ಕೇಳಿದಳು. ಜೀವದ ಮಾತು ಕೇಳಲಿಲ್ಲ, ಗಾಡಿಯ ಮಾತು ಕೇಳಿದಳು. ಒಯ್ಯಬೇಕಾದರೆ ಒಯ್ಯುತ್ತೇನೆ, ಸೀರೆಯಲ್ಲ, ಈ ಬಾಗಿಲನ್ನೇ ಕಿತ್ತು ಮರೆ ಹಿಡಿಸುತ್ತೇನೆ ಅಂದೆ. ಆ ಹೊತ್ತಿನಲ್ಲೂ ಅವಳಿಗೆ ನಗು ಬಂತು. ನಗುವಾಗ ನನ್ನ ಕೈಯಡಿ ಹೊಟ್ಟೆ ನಿಧಾನಕ್ಕೆ ಬಿಗಿಯಾಯಿತು, ಆಮೇಲೆ ತೆಂಗಿನಕಾಯಿಯಷ್ಟು ಗಟ್ಟಿಯಾಯಿತು. ಕೈ ತೆಗೆದು ಕಾದೆ. ಗಟ್ಟಿಯಾಗಿಯೇ ಉಳಿಯಿತು, ರಕ್ತವೂ ಹಿಡಿತಕ್ಕೆ ಬಂತು.

“ನಿಂತೈತ್ರಿ ಮೇಡಂ.”

ಇನ್ನೊಂದು ತಾಸು ಥಿಯೇಟರ್ ಹಾಗೇ ತಯಾರಿರಲಿ ಎಂದು ಡಾಕ್ಟರು ಯಾರಿಗೋ ಹೇಳಿದ್ದು ಫೋನಿನಲ್ಲಿ ಕೇಳಿಸಿತು. ಆಮೇಲೆ, “ಸಿಸ್ಟರ್, ಮುಂದಿನ ಬುತ್ತಿ ಯಾರ ಮನ್ಯಾಗ?” ಎಂದು ಕೇಳಿದರು. ನನ್ನ ಕಣ್ಣಲ್ಲಿ ನೀರು ಬಂದದ್ದು ಆಗಲೇ.

ಜೊತೆಗಾತಿ ಕಾರು ಬಿಟ್ಟು, ಚೀಲ ಹೊತ್ತು, ಮೆಣಸಿನಕಾಯಿ ರಾಶಿಗಳ ನಡುವೆ ನಡೆದೇ ಬಂದಳು. ಕಣ್ಣು ಮೂಗು ಕೆಂಪಗಾಗಿ, ಸೀನಿನ ಮೇಲೆ ಸೀನು. ಅತ್ತೆ ಅವಳನ್ನು ಹಿತ್ತಿಲಲ್ಲೇ ತಡೆದು, ಎಣ್ಣೆ ಬಾಟಲಿ ಕೈಗೆ ಕೊಟ್ಟು, ತಮ್ಮ ತೊಳೆದ ಸೀರೆ ಉಡಿಸಿಯೇ ಒಳಗೆ ಬಿಟ್ಟರು. ನಾವಿಬ್ಬರೂ ಬಾಣಂತಿಯ ನಾಡಿ, ಬಿ.ಪಿ., ರಕ್ತ ನೋಡುತ್ತ ಅಲ್ಲೇ ಕುಳಿತೆವು. ಗಾಡಿಯನ್ನು ಓಣಿಯ ತುದಿಯಿಂದ ಕದಲಿಸಲಿಲ್ಲ.

ಅಷ್ಟರಲ್ಲಿ ಸುದ್ದಿ ಓಣಿಯೆಲ್ಲ ಹಬ್ಬಿ ಮನೆ ತುಂಬಿತು. ಅಗಡಿಯ ತಾಯಿಯೂ ಬಂದಿಳಿದರು, ತಮ್ಮ ಕೋಣೆಗೆಂದು ತೆಗೆದಿಟ್ಟಿದ್ದ ಹೊಸ ಕೌದಿ, ಬಟ್ಟೆ, ಬಿಸಿನೀರಿನ ಹಂಡೆ ಸಮೇತ.

“ನಾ ಸುಣ್ಣಾ ಹಚ್ಚಿಸಿದ್ದು ಹಂಗ ಉಳೀತಲ್ರಿ ಬೀಗತಿಯಾರ,” ಎಂದು ಹೊರಗೆ ಅನ್ನುತ್ತಿದ್ದರು.

“ಬಾಣಂತನ ನಿಮ್ಮಲ್ಲೇ ಆಗಲೇಳ್ರಿ. ಇಬ್ಬರಿಗೂ ಪಾಳಿ ಬಂತು.” 

ಅತ್ತೆಯ ದನಿ ಮೆತ್ತಗಿತ್ತು. ಆಮೇಲೆ ಹೆಂಗಸರೆಲ್ಲ ಬಾಗಿಲು ಬಡಿಯತೊಡಗಿದರು. ಕೂಸು ತೋರಿಸಿರಿ, ತೆಗೆಯಿರಿ ಎಂದು ಹತ್ತು ದನಿ. ನಾನು ಚಿಲಕಕ್ಕೆ ಬಾಗಿದೆ.

“ತಡೀರಿ ಬಾಯಾರ.”

ತಿರುಗಿ ನೋಡಿದೆ. ಅವಳು ಗೋಡೆಗೆ ಒರಗಿ, ಕೂಸನ್ನು ಎದೆಗೆ ಹಾಕಿಕೊಂಡಿದ್ದಳು.

“ಇನ್ನೊಂದೀಟು ಹೊತ್ತು ಹಾಕೇ ಇರ್ಲಿ. ನನ್ನ ದೊಡ್ಡಾಕಿನ್ನ ಒಬ್ಬಾಕಿನ್ನ ಒಳಗ ಬಿಡ್ರಿ.”

ನಾನು ಒಂದು ಸಂದಿಯಷ್ಟೇ ತೆರೆದೆ. ಟಂಟಂನಲ್ಲಿ ಹುಟ್ಟಿದ ಮಗಳು ಹೆಂಗಸರ ಕಾಲುಗಳ ನಡುವಿನಿಂದ ನುಸುಳಿ ಒಳಗೆ ಬಂದು, ತಾಯಿಯನ್ನೂ ತಮ್ಮನನ್ನೂ ಕಣ್ಣು ಬಿಟ್ಟು ನೋಡುತ್ತ ನಿಂತಳು.

“ಚಿಲಕ ಹಾಕವ್ವಾ,” ಅಂದಳು ತಾಯಿ.

ಬಡಿಗ ಜಡಿದ ಚಿಲಕ ಮಗಳ ಕೈಗೆಟಕುವಂತೇ ಇತ್ತು. ಎರಡೂ ಕೈಯಿಂದ ಹಿಡಿದು, ಹೊರಗಿನ ಅಷ್ಟು ಮಂದಿಯ ಮುಖದ ಮೇಲೆ, ಗಟ್ಟಿಯಾಗಿ ಹಾಕಿದಳು.